ಕುಸ್ವಾರ್: ನಮ್ಮ ಕರಾವಳಿಯ ಕ್ರಿಸ್‌ಮಸ್ ತಟ್ಟೆ

ಮಕ್ಕಳೇ, ಡಿಸೆಂಬರ್ ಬಂತೆಂದರೆ ನೀವಿರುವ ಊರುಗಳಲ್ಲಿ ಎಲ್ಲರಿಗೂ ಒಂದೇ ಯೋಚನೆ: ಯಾರಿಗೆ ಏನು ಕೊಡೋಣ? ಅಂಗಡಿಯಿಂದ ತಂದು, ಬಣ್ಣದ ಕಾಗದ ಸುತ್ತಿ ಕೊಡುವುದೊಂದೇ ದಾರಿ ಎಂದು ನಿಮ್ಮಲ್ಲಿ ಹಲವರು ನಂಬಿಬಿಟ್ಟಿದ್ದೀರಿ. ನಮ್ಮ ಕರ್ನಾಟಕದಲ್ಲೇ ಇನ್ನೊಂದು ದಾರಿ ಇದೆ. ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ಬಗೆಬಗೆಯ ತಿಂಡಿಗಳನ್ನು ಮಾಡಿ ಡಬ್ಬಿ ತುಂಬಿಸುತ್ತಾರೆ. ಹಬ್ಬದ ಹೊತ್ತಿಗೆ ಅವನ್ನೆಲ್ಲ ಒಂದೊಂದು ಹಿಡಿಯಂತೆ ತಟ್ಟೆಯಲ್ಲಿಟ್ಟು ನೆಂಟರಿಗೂ ನೆರೆಯವರಿಗೂ ಹಂಚುತ್ತಾರೆ. ಇದೇ ಕುಸ್ವಾರ್. ಕೊಂಡು ತರುವ ಉಡುಗೊರೆಗಿಂತ ಇದಕ್ಕೆ ಖರ್ಚು ಕಡಿಮೆ, ನಿಜ. ಆದರೆ ಇದರ ದೊಡ್ಡ ಗುಣ ಬೇರೆಯೇ: ಇದು ಮಕ್ಕಳ ಕೈಗೆ ನಿಜವಾದ ಕೆಲಸ ಕೊಡುತ್ತದೆ. ಹೊರದೇಶದ ಕನ್ನಡ ಮನೆಗಳು, ಯಾವ ಧರ್ಮದವೇ ಆಗಿರಲಿ, ಇದನ್ನು ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ವಾದ.

ಕಿಡಿಯೊವನ್ನೇ ನೋಡಿ. ಗೋವಾ, ಬೆಂಗಳೂರಿನಲ್ಲಿ ಇದನ್ನು ಕುಲ್‌ಕುಲ್ ಎನ್ನುತ್ತಾರೆ. ಮೈದಾಹಿಟ್ಟಿಗೆ ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ, ಒಂದೆರಡು ಚಮಚ ತುಪ್ಪ ಹಾಕಿ, ಕಾಯಿಹಾಲಿನಲ್ಲಿ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಮುಚ್ಚಿಡಬೇಕು. ಆಮೇಲೆ ಗೋಲಿಗಿಂತ ಚಿಕ್ಕ ಉಂಡೆ ಮಾಡಿ, ಫೋರ್ಕಿನ ಬೆನ್ನಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಇಟ್ಟು, ಹೆಬ್ಬೆರಳಿನಿಂದ ಒತ್ತಿ ಹಾಗೇ ಉರುಳಿಸಿದರೆ ಗೀರುಗೀರಾದ ಪುಟ್ಟ ಶಂಖದಂಥ ಸುರುಳಿ ಏಳುತ್ತದೆ. ಅಂಚು ಸರಿಯಾಗಿ ಕೂಡದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಹಿಟ್ಟು ಒಣಗಿದರೆ ಸೀಳುತ್ತದೆ. ಅದಕ್ಕೇ ಉಳಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿರಬೇಕು. ಹದ ಉರಿಯಲ್ಲಿ ಹೊಂಬಣ್ಣಕ್ಕೆ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿ, ಪಾಕ ಬೆಳ್ಳಗೆ ಹರಳುಗಟ್ಟುವವರೆಗೆ ಕೈಬಿಡದೆ ತಿರುವಬೇಕು. ಕರಿಯುವುದೂ ಪಾಕವೂ ದೊಡ್ಡವರ ಕೆಲಸ. ಸುರುಳಿ ಸುತ್ತುವುದು ಮಾತ್ರ ಮಕ್ಕಳದ್ದೇ. ಸಣ್ಣ ಬೆರಳುಗಳಿಗೆ ಅದು ಸಲೀಸು, ನೂರಾರು ಆಗಬೇಕಾದ್ದರಿಂದ ದೊಡ್ಡವರಿಗೆ ಆ ಬೆರಳುಗಳು ಬೇಕೇ ಬೇಕು. ಹಾಗಾಗಿ ಇಲ್ಲಿ ಮಗುವಿನ ಸಹಾಯ ಬರಿಯ ಆಟವಲ್ಲ. ಒಂದು ಕಿಲೊ ಮೈದಾದಿಂದ ಎಂಟು ಹತ್ತು ಮನೆಗೆ ಕೊಡುವಷ್ಟು ಕಿಡಿಯೊ ಆಗುತ್ತದೆ. ಹಿಟ್ಟು, ಸಕ್ಕರೆ, ಕಾಯಿಹಾಲು, ಎಣ್ಣೆ ಎಲ್ಲದರ ಬೆಲೆ ಕೂಡಿಸಿ, ಅದನ್ನು ಅಂಗಡಿಯ ಒಂದೇ ಒಂದು ಆಟಿಕೆಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ.

ಕ್ರಿಸ್‌ಮಸ್ ನಮ್ಮ ಹಬ್ಬವಲ್ಲವಲ್ಲ ಎಂದು ಕೆಲವು ತಂದೆತಾಯಿಯರು ಕೇಳಬಹುದು. ಕುಸ್ವಾರ್ ತಟ್ಟೆಯೇ ಇದಕ್ಕೆ ಉತ್ತರ ಹೇಳುತ್ತದೆ. ಅದರಲ್ಲಿರುವ ನೆವ್ರಿ ಎಂದರೆ ಕಾಯಿ, ಎಳ್ಳು, ಏಲಕ್ಕಿ ತುಂಬಿದ ನಮ್ಮ ಕರ್ಜಿಕಾಯಿಯೇ. ಚಕ್ಕುಲಿ, ಲಾಡುಗಳಂತೂ ಪರಿಚಯ ಹೇಳಬೇಕಾದವಲ್ಲ. ಗುಲಾಬಿ ಹೂವಿನಂಥ ರೋಸ್ ಕುಕ್ಕಿಯ ಅಕ್ಕಪಕ್ಕದ ರೂಪಗಳು ಕೇರಳದಲ್ಲಿ ಅಚ್ಚಪ್ಪಂ, ಶ್ರೀಲಂಕಾದಲ್ಲಿ ಕೊಕಿಸ್ ಎಂಬ ಹೆಸರಿನಲ್ಲಿವೆ. ಅಲ್ಲಿ ಕೊಕಿಸ್ ಸಿಂಹಳ ಹೊಸವರ್ಷದ ತಿಂಡಿ. ಸೀಬೆಹಣ್ಣಿನ ಪೆರಾಡ್ ಪೋರ್ಚುಗೀಸರ ನಂಟಿನಿಂದ ಬಂದದ್ದು. ಗೋವೆಯಿಂದ 16ನೇ ಶತಮಾನದಿಂದೀಚೆಗೆ ಕರಾವಳಿಗೆ ವಲಸೆ ಬಂದ ಈ ಕ್ಯಾಥೊಲಿಕ್ ಜನ ತಂದದ್ದನ್ನೂ ಇಲ್ಲಿ ಕಂಡದ್ದನ್ನೂ ಒಂದೇ ತಟ್ಟೆಯಲ್ಲಿಟ್ಟರು. ಅವರ ಮನೆಮಾತು ಕೊಂಕಣಿ. ಅದನ್ನು ಮಂಗಳೂರಿನಲ್ಲಿ ಬರೆಯುವುದು ಕನ್ನಡ ಲಿಪಿಯಲ್ಲಿ. 1938ರಲ್ಲಿ ಶುರುವಾದ ಅವರ ವಾರಪತ್ರಿಕೆ ‘ರಾಕ್ಣೊ’ವನ್ನು ಕನ್ನಡ ಅಕ್ಷರ ಬಲ್ಲ ಯಾರಾದರೂ ಓದಬಹುದು. ತಟ್ಟೆ ಒಂದೇ ಕಡೆಗೆ ಹೋಗುವುದೂ ಅಲ್ಲ: ಚೌತಿಗೆ, ದೀಪಾವಳಿಗೆ ಹಿಂದೂ ನೆರೆಮನೆಯಿಂದ ತಿಂಡಿ ಬರುತ್ತದೆ, ಕ್ರಿಸ್‌ಮಸ್‌ಗೆ ಇಲ್ಲಿಂದ ಕುಸ್ವಾರ್ ಹೋಗುತ್ತದೆ. ಹಳೆ ಮೈಸೂರು ಕಡೆಯವರಿಗೆ ಸಂಕ್ರಾಂತಿಯ ಎಳ್ಳು ಬೀರುವುದು ನೆನಪಾಗಲೇಬೇಕು. ಕೊಬ್ಬರಿ, ಬೆಲ್ಲ ಹೆಚ್ಚಿ ಒಣಗಿಸಿ, ಎಳ್ಳು, ಕಡಲೆಕಾಯಿ, ಹುರಿಗಡಲೆ ಬೆರೆಸಿ, ಸಕ್ಕರೆ ಅಚ್ಚಿನೊಂದಿಗೆ ಮನೆಮನೆಗೆ ಒಯ್ಯುವ ಆ ಕ್ರಮಕ್ಕೂ ಇದಕ್ಕೂ ಮೂರೇ ವಾರದ ಅಂತರ. ಡಿಸೆಂಬರ್‌ನಲ್ಲಿ ಕಿಡಿಯೊ ಸುತ್ತಿದ ಮಗು ಜನವರಿಯಲ್ಲಿ ಎಳ್ಳು ಬೀರಲು ತಾನಾಗಿಯೇ ಎದ್ದು ನಿಲ್ಲುತ್ತದೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ, ಎತ್ತಿ ಹಿಡಿಯುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸಮಯದ್ದು, ಅದರ ಹಿಂದೆಯೇ ನಿಂತಿರುವುದು ಅಮ್ಮಂದಿರ ದಣಿವು. ಮನೆಯಲ್ಲೇ ಮಾಡೋಣ ಎಂಬ ಮಾತಿನ ಭಾರವೆಲ್ಲ ಕೊನೆಗೆ ಒಬ್ಬಳ ಹೆಗಲಿಗೆ ಬೀಳುವುದಾದರೆ ಅದನ್ನು ಮಾಡದಿರುವುದೇ ಮೇಲು. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಆದರೆ ಕುಸ್ವಾರ್ ಒಬ್ಬರೇ ಮಾಡುವ ಕೆಲಸವಾಗಿ ಬೆಳೆದದ್ದಲ್ಲ. ಕಾಯಿ ತುರಿಯಲು, ಹಿಟ್ಟು ನಾದಲು, ಸುರುಳಿ ಸುತ್ತಲು, ಕರಿಯಲು ಬೇರೆ ಬೇರೆ ಕೈಗಳನ್ನು ಬೇಡುವ ಕೆಲಸ ಅದು. ನಾದುವುದು ಅಪ್ಪಂದಿರ ಪಾಲಾಗಲಿ. ಎರಡು ಮೂರು ಮನೆಯವರು ಒಂದು ಶನಿವಾರ ಒಂದೇ ಅಡುಗೆಮನೆಯಲ್ಲಿ ಸೇರಿ, ಒಂದೊಂದು ಮನೆ ಒಂದೊಂದು ತಿಂಡಿ ಹಿಡಿದು, ಸಂಜೆ ಹಂಚಿಕೊಂಡರೆ ಎಲ್ಲರ ತಟ್ಟೆಯೂ ತುಂಬುತ್ತದೆ. ಎಲ್ಲವನ್ನೂ ಹಬ್ಬದ ಹಿಂದಿನ ದಿನವೇ ಮಾಡಬೇಕೆಂದೂ ಇಲ್ಲ. ಕರಿದು ನೀರಿನಂಶ ಹೋದ, ಸಕ್ಕರೆ ಹೊದ್ದ ಕಿಡಿಯೊ ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ನೆವ್ರಿಗೆ ಹಸಿ ಕಾಯಿ ಹಾಕಿದರೆ ಬೇಗ ಮುಗ್ಗಲು ಬರುತ್ತದೆ. ಒಣಕೊಬ್ಬರಿಯನ್ನೇ ಹುರಿದು ತುಂಬಿದರೆ ಆ ಭಯ ಕಡಿಮೆ. ದೂರದ ಊರಿನ ಅಜ್ಜಿ ತಾತನಿಗೆ ಅಂಚೆಯಲ್ಲಿ ಕಳಿಸುವುದಾದರೆ ಕಿಡಿಯೊವನ್ನೇ ಕಳಿಸಿ. ರೋಸ್ ಕುಕ್ಕಿ ದಾರಿಯಲ್ಲೇ ಪುಡಿಯಾಗುತ್ತದೆ.

ಅಲರ್ಜಿಯ ಮಾತನ್ನು ಮಾತ್ರ ಯಾರೂ ಹಗುರಾಗಿ ತೆಗೆದುಕೊಳ್ಳಬಾರದು. ಎಳ್ಳು, ಗೋಡಂಬಿ, ಗೋಧಿ, ಮೊಟ್ಟೆ ಕೆಲವರ ಜೀವಕ್ಕೇ ಅಪಾಯ ತರಬಲ್ಲವು. ಮನೆಯಲ್ಲಿ ಮಾಡಿದ ತಿಂಡಿಯನ್ನು ತರಗತಿಗೆ ತರಬಾರದೆಂದು ಎಷ್ಟೋ ಶಾಲೆಗಳು ನಿಯಮ ಮಾಡಿವೆ. ಆ ನಿಯಮವನ್ನು ಪಾಲಿಸಿ, ತಟ್ಟೆಯನ್ನು ಪರಿಚಯದ ಮನೆಗಳಿಗೆ ಒಯ್ಯಿರಿ. ಪ್ರತಿ ಪೊಟ್ಟಣದ ಜೊತೆ ಒಂದು ಚೀಟಿ ಇರಲಿ. ಒಂದು ಬದಿಯಲ್ಲಿ ಹಾಕಿದ ಪದಾರ್ಥಗಳೆಲ್ಲ ಆ ಊರಿನ ಭಾಷೆಯಲ್ಲಿ, ಇನ್ನೊಂದು ಬದಿಯಲ್ಲಿ ತಿಂಡಿಯ ಹೆಸರು ಕನ್ನಡ ಅಕ್ಷರಗಳಲ್ಲಿ. ಆ ಅಕ್ಷರಗಳನ್ನು ಬರೆಯುವ ಕೆಲಸವೂ ಮಕ್ಕಳದ್ದೇ. ಹತ್ತು ಮನೆಗೆ ಹತ್ತು ಚೀಟಿ ಬರೆಯುವ ಹೊತ್ತಿಗೆ ‘ಕಿ’ಯ ಗುಡಿಸು, ‘ವ್ರಿ’ಯ ಒತ್ತಕ್ಷರ ಕೈಗೆ ಕೂತಿರುತ್ತವೆ. ಡಿಸೆಂಬರ್‌ನ ಮೊದಲ ವಾರಾಂತ್ಯಕ್ಕೆ ಕಿಡಿಯೊ, ಮೂರನೆಯದಕ್ಕೆ ನೆವ್ರಿ ಇಟ್ಟುಕೊಂಡರೆ, ಚೀಟಿ ಬರೆಯಲು ನಡುವಿನ ಎರಡು ವಾರ ಪೂರ್ತಿ ಸಿಗುತ್ತವೆ.