ಆಂತ್ವಾನ್ ಒಗಸ್ತೀನ್ ಕೂರ್ನೊ

ಆಂತ್ವಾನ್ ಒಗಸ್ತೀನ್ ಕೂರ್ನೊ (28 ಆಗಸ್ಟ್ 1801 – 31 ಮಾರ್ಚ್ 1877) ಫ್ರಾನ್ಸ್ ದೇಶದ ಗಣಿತಜ್ಞ, ತತ್ತ್ವಜ್ಞಾನಿ ಹಾಗೂ ಅರ್ಥಶಾಸ್ತ್ರಜ್ಞರು. ಏಕಸ್ವಾಮ್ಯ ಮತ್ತು ದ್ವಿಸ್ವಾಮ್ಯ ಮಾರುಕಟ್ಟೆಗಳನ್ನು ಗಣಿತದ ನೆರವಿನಿಂದ ವಿಶ್ಲೇಷಿಸಿದವರಲ್ಲಿ ಇವರು ಅಗ್ರಗಣ್ಯರು. ಸ್ನಾತಕೋತ್ತರ ಸೂಕ್ಷ್ಮ ಅರ್ಥಶಾಸ್ತ್ರದ ಪಠ್ಯಗಳಲ್ಲಿ ಇಂದು ಅನಿವಾರ್ಯವೆನಿಸಿರುವ ಇವರ ಸಿದ್ಧಾಂತವು ಪ್ರಕಟವಾದ ಕಾಲದಲ್ಲಿ ಉಪೇಕ್ಷೆಗೆ ಒಳಗಾಗಿತ್ತು.

ಜೀವನ

ಇವರು ಪೂರ್ವ ಫ್ರಾನ್ಸಿನ ಗ್ರೇ ಪಟ್ಟಣದಲ್ಲಿ ಜನಿಸಿದರು. 1821ರಲ್ಲಿ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸೇರಿದರು. ಮರುವರ್ಷ ಸರ್ಕಾರವು ಆ ಸಂಸ್ಥೆಯನ್ನು ಮುಚ್ಚಿದ್ದರಿಂದ ಸೊರ್ಬಾನ್‌ನಲ್ಲಿ ಗಣಿತದ ವ್ಯಾಸಂಗ ಮುಂದುವರಿಸಿದರು. 1823ರಿಂದ ಹತ್ತು ವರ್ಷ ಮಾರ್ಷಲ್ ಗೂವಿಯೋನ್ ಸೇಂ-ಸೀರ್ ಅವರ ಮನೆಯಲ್ಲಿದ್ದು, ಅವರ ಮಗನಿಗೆ ಪಾಠ ಹೇಳುತ್ತ ಗ್ರಂಥರಚನೆಗೆ ನೆರವಾದರು. ಗಣಿತಜ್ಞ ಪ್ವಾಸೋನ್ ಅವರ ಬೆಂಬಲದಿಂದ 1834ರಲ್ಲಿ ಲಿಯೋನ್‌ನಲ್ಲಿ ಪ್ರಾಧ್ಯಾಪಕರಾದರು. ಮುಂದೆ ಗ್ರೆನೋಬ್ಲ್ ಮತ್ತು ದಿಜೋನ್‌ಗಳಲ್ಲಿ ಶಿಕ್ಷಣಾಡಳಿತದ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿದರು.

1838ರ ಗ್ರಂಥ

ಸಂಪತ್ತಿನ ಸಿದ್ಧಾಂತದ ಗಣಿತೀಯ ತತ್ತ್ವಗಳನ್ನು ಕುರಿತ ಇವರ ಗ್ರಂಥ 1838ರಲ್ಲಿ ಹೊರಬಂತು. ಇದರಲ್ಲಿ ಬೇಡಿಕೆಯನ್ನು ಬೆಲೆಯ ಫಲನವೆಂದು ನಿರೂಪಿಸಲಾಗಿದೆ. ದ್ವಿಸ್ವಾಮ್ಯಕ್ಕೆ ಕೂರ್ನೊ ಆರಿಸಿಕೊಂಡ ಉದಾಹರಣೆ ಖನಿಜಜಲದ ಎರಡು ಚಿಲುಮೆಗಳು. ನೀರಿನ ಗುಣ ಒಂದೇ, ಉತ್ಪಾದನಾ ವೆಚ್ಚವಿಲ್ಲ, ಒಡೆಯರು ಇಬ್ಬರು. ಪ್ರತಿಯೊಬ್ಬನೂ ಇನ್ನೊಬ್ಬನ ಮಾರಾಟದ ಪ್ರಮಾಣವನ್ನು ಸ್ಥಿರವೆಂದು ಭಾವಿಸಿ ತನ್ನ ಲಾಭವನ್ನು ಗರಿಷ್ಠಗೊಳಿಸುತ್ತಾನೆ. ಇಬ್ಬರಿಗೂ ತಮ್ಮ ನಿರ್ಧಾರವನ್ನು ಬದಲಿಸುವ ಕಾರಣವಿಲ್ಲದ ಬಿಂದುವೇ ಸಮತೋಲನ.

ಬೇಡಿಕೆಯು ಸರಳರೇಖೆಯಾಗಿದ್ದರೆ, ನೀರು ಉಚಿತವಾಗಿದ್ದಾಗ ಬಳಕೆಯಾಗುವ ಪ್ರಮಾಣದ ಅರ್ಧವನ್ನು ಮಾತ್ರ ಏಕಸ್ವಾಮಿ ಮಾರುತ್ತಾನೆ. ಇಬ್ಬರಿದ್ದಾಗ ತಲಾ ಮೂರನೆಯ ಒಂದು ಭಾಗದಂತೆ ಒಟ್ಟು ಮೂರನೆಯ ಎರಡು ಭಾಗ ಮಾರಾಟವಾಗುತ್ತದೆ. ಮಾರಾಟಗಾರರು ಹೆಚ್ಚಿದಂತೆಲ್ಲ ಬೆಲೆಯು ವೆಚ್ಚದ ಮಟ್ಟಕ್ಕೆ ಇಳಿಯುತ್ತದೆ. ಏಕಸ್ವಾಮ್ಯದಿಂದ ಪೂರ್ಣ ಪೈಪೋಟಿಯವರೆಗಿನ ಹಾದಿಯನ್ನು ಹೀಗೆ ಒಂದೇ ಸೂತ್ರದಲ್ಲಿ ಕಾಣಬಹುದಾಯಿತು.

ಉಪೇಕ್ಷೆ ಮತ್ತು ಮನ್ನಣೆ

ಅಂದಿನ ಅರ್ಥಶಾಸ್ತ್ರಜ್ಞರಿಗೆ ಸಮೀಕರಣಗಳ ರೂಢಿಯಿರಲಿಲ್ಲ. ಗ್ರಂಥವು ಓದುಗರನ್ನು ಕಾಣಲಿಲ್ಲ. ದೃಷ್ಟಿಮಾಂದ್ಯದಿಂದಲೂ ಬಳಲುತ್ತಿದ್ದ ಕೂರ್ನೊ ಬಹುಕಾಲ ಈ ವಿಷಯದಿಂದ ದೂರ ಉಳಿದರು. 1863ರಲ್ಲಿ ಅದೇ ವಿಚಾರಗಳನ್ನು ಗಣಿತವನ್ನು ತೊರೆದು ಮತ್ತೆ ಬರೆದರೂ ಪ್ರಯೋಜನವಾಗಲಿಲ್ಲ.

ಇವರ ಸಹಪಾಠಿಯ ಮಗ ಲಿಯೋನ್ ವಾಲ್ರಾಸ್ ಈ ಗ್ರಂಥದ ಋಣವನ್ನು ಮುಕ್ತವಾಗಿ ಒಪ್ಪಿಕೊಂಡರು. ಕೂರ್ನೊ ನಿಧನರಾದ ಆರು ವರ್ಷಗಳ ನಂತರ, 1883ರಲ್ಲಿ, ಗಣಿತಜ್ಞ ಜೋಸೆಫ್ ಬರ್ಟ್ರಾಂಡ್ ಇವರ ದ್ವಿಸ್ವಾಮ್ಯದ ವಾದವನ್ನು ಟೀಕಿಸಿದರು. ಮಾರಾಟಗಾರರು ಬೆಲೆಯಲ್ಲೇ ಸ್ಪರ್ಧಿಸುವ ಪರ್ಯಾಯ ಮಾದರಿಗೆ ಈ ಟೀಕೆಯೇ ಮೂಲ. 1897ರಲ್ಲಿ ಗ್ರಂಥದ ಇಂಗ್ಲಿಷ್ ಅನುವಾದ ಪ್ರಕಟವಾಯಿತು. 1950ರಲ್ಲಿ ಜಾನ್ ನ್ಯಾಶ್ ಮಂಡಿಸಿದ ಸಮತೋಲನದ ಪರಿಕಲ್ಪನೆಗೆ ಕೂರ್ನೊ ಅವರ ಚಿಲುಮೆಗಳ ಉದಾಹರಣೆಯು ಒಂದು ನಿದರ್ಶನವಾಗಿ ಹೊಂದುತ್ತದೆ. ಆದ್ದರಿಂದಲೇ ಅದನ್ನು ಕೂರ್ನೊ-ನ್ಯಾಶ್ ಸಮತೋಲನವೆಂದೂ ಕರೆಯುತ್ತಾರೆ.