ಮಗ್ಗದ ನೆತ್ತಿಯ ಮೇಲಿನ ಹೆಸರು

ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ಹಾದುಹೋಗುತ್ತಿದ್ದಾಗ ಮಗ್ಗದ ಸದ್ದಿಗೆ ಮನಸೋತು ಒಂದು ಬಾಗಿಲಲ್ಲಿ ನಿಂತೆನು. ಮಗ್ಗದ ನೆತ್ತಿಯ ಮೇಲೆ ತೂತುಗಳನ್ನು ಕೊರೆದ ರಟ್ಟುಗಳ ಸರವೊಂದು ಸುತ್ತುತ್ತಿದ್ದಿತು. ಅದೇನೆಂದು ಕೇಳಲು, ಮನೆಯ ಹಿರಿಯರು ಜಕಾರ್ಡ್ ಎಂದರು. ಅದು ಒಬ್ಬ ಮನುಷ್ಯನ ಹೆಸರೆಂಬುದನ್ನು ಅವರು ಅರಿತಿರಲಿಲ್ಲ. ಹೀಗೆ ಒಂದು ಸಾಮಾನಿನ ಹೆಸರಾಗಿ ಕರಗಿಹೋಗುವುದನ್ನು ಕೀರ್ತಿಯೆನ್ನಬೇಕೋ ಮರೆವೆನ್ನಬೇಕೋ ನಾನರಿಯೆ.

ಜೋಸೆಫ್ ಮರಿ ಜಕಾರ್ 1752ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ನೇಕಾರನ ಮಗನಾಗಿ ಹುಟ್ಟಿದನು. ರೇಷ್ಮೆಯಿಂದಲೇ ಬಾಳುತ್ತಿದ್ದ ಊರು ಅದು. ಹೂಬಳ್ಳಿಯ ಚಿತ್ತಾರವನ್ನು ನೇಯಲು ಅಲ್ಲಿ ನೇಕಾರನೊಬ್ಬನೇ ಸಾಲುತ್ತಿರಲಿಲ್ಲ. ಲಾಳಿ ಓಡುವ ಮುನ್ನ ಹಾಸಿನ ಯಾವ ಎಳೆಗಳು ಮೇಲೇಳಬೇಕೋ ಅವುಗಳ ಹಗ್ಗಗಳನ್ನು ಸೆಳೆದು ಹಿಡಿಯಲು ಇನ್ನೊಬ್ಬರು ಬೇಕಾಗಿದ್ದಿತು. ಆ ಕೆಲಸ ಬಹುಮಟ್ಟಿಗೆ ಮಕ್ಕಳ, ಹೆಂಗಸರ ಪಾಲಿನದು. ಭಾರವಾದ ಹಗ್ಗ, ಬಾಗಿದ ಮೈ, ಅಲ್ಪ ಕೂಲಿ. ಆದರೂ ಅದು ಕೂಲಿಯೇ; ಅದರಿಂದ ಒಲೆ ಉರಿಯುತ್ತಿದ್ದ ಮನೆಗಳಿದ್ದವು.

ತಂದೆಯಿಂದ ಬಂದ ಆಸ್ತಿ ಜಕಾರನ ಕೈಯಲ್ಲಿ ನಿಲ್ಲಲಿಲ್ಲ. ಕ್ರಾಂತಿಯ ಕಾಲದಲ್ಲಿ ಊರಿನ ಪರವಾಗಿ ಹೋರಾಡಿದನು. ಒಬ್ಬನೇ ಮಗನನ್ನು ಯುದ್ಧದಲ್ಲಿ ಕಳೆದುಕೊಂಡನು. ಹೆಸರು ಬಂದುದು ಐವತ್ತರ ಆಸುಪಾಸಿನಲ್ಲಿ. ಪ್ಯಾರಿಸ್ಸಿನಲ್ಲಿ ವೊಕಾನ್ಸನ್ ಎಂಬಾತನು ಹಿಂದೆಯೇ ರಚಿಸಿದ್ದ ಮಗ್ಗವನ್ನು ಪರಿಶೀಲಿಸಿ, ಅದಕ್ಕೂ ಹಿಂದಿನ ಬೂಶಾನ್, ಫಾಲ್ಕನ್ ಮುಂತಾದವರ ತೂತುಗಾಗದ, ರಟ್ಟಿನ ಉಪಾಯಗಳನ್ನು ಅದಕ್ಕೆ ಕೂಡಿಸಿ, 1804ರ ಸುಮಾರಿಗೆ ತನ್ನ ಯಂತ್ರವನ್ನು ಸಿದ್ಧಪಡಿಸಿದನು. ಎಲ್ಲವೂ ಅವನೊಬ್ಬನ ಕಲ್ಪನೆಯೆಂದು ಹೊಗಳುವವರು ಉಳಿದವರಿಗೆ ಅನ್ಯಾಯ ಮಾಡುತ್ತಾರೆ. ಹೊಕ್ಕಿನ ಒಂದೊಂದು ಸಾಲಿಗೂ ಒಂದೊಂದು ರಟ್ಟು. ತೂತಿದ್ದಲ್ಲಿ ಸೂಜಿ ಒಳಹೊಗುವುದು, ಅದರ ಕೊಕ್ಕೆ ಎಳೆಯನ್ನು ಎತ್ತುವುದು. ತೂತಿಲ್ಲದೆಡೆ ಕೊಕ್ಕೆ ಹಿಂದೆ ಸರಿಯುವುದು. ಹಗ್ಗ ಸೆಳೆಯುವ ಕೈ ಬೇಡವಾಯಿತು.

ಲಿಯಾನಿನ ನೇಕಾರರು ಸಿಡಿದೆದ್ದು ಯಂತ್ರಗಳನ್ನು ಸುಟ್ಟರು; ಆತನ ಮೈಮೇಲೂ ಏರಿಹೋದರು. ಅವರನ್ನು ಮೂಢರೆಂದು ತರಗತಿಯಲ್ಲಿ ಬೋಧಿಸುವುದು ಸುಲಭ. ನಾನೂ ಒಮ್ಮೆ ಹಾಗೆಯೇ ಬೋಧಿಸಿದ್ದೆ. ಹಿಂದಿನ ಬೆಂಚಿನಲ್ಲಿ ನೇಕಾರರ ಮನೆಯ ಹುಡುಗನೊಬ್ಬ ತಲೆತಗ್ಗಿಸಿದುದನ್ನು ಕಂಡ ಮೇಲೆ ಆ ಮಾತನ್ನು ಬಿಟ್ಟೆನು.

ಸರ್ಕಾರ 1805ರಲ್ಲಿ ಯಂತ್ರವನ್ನು ಸಾರ್ವಜನಿಕ ಸ್ವತ್ತೆಂದು ಸಾರಿ, ಜಕಾರನಿಗೆ ವಿಶ್ರಾಂತಿವೇತನವನ್ನು ಗೊತ್ತುಮಾಡಿತು. 1812ರ ವೇಳೆಗೆ ಫ್ರಾನ್ಸಿನಲ್ಲಿ ಅಂಥ 11,000 ಮಗ್ಗಗಳು ಓಡುತ್ತಿದ್ದವು. ಹಗ್ಗ ಸೆಳೆಯುವವರು ಮರೆಯಾದರು. ಚಿತ್ತಾರವನ್ನು ಓದಿ ರಟ್ಟು ಕೊರೆಯುವವರು ಹುಟ್ಟಿಕೊಂಡರು. ಎತ್ತರದ ಈ ಮಗ್ಗಗಳಿಗಾಗಿ ಲಿಯಾನಿನ ಗುಡ್ಡದ ಮೇಲೆ ಎತ್ತರದ ಚಾವಣಿಯ ಮನೆಗಳೆದ್ದವು. 1831ರಲ್ಲಿ ಅಲ್ಲಿನ ನೇಕಾರರು ಮತ್ತೆ ದಂಗೆಯೆದ್ದುದು ಯಂತ್ರದ ಮೇಲಲ್ಲ. ನೇಯ್ದ ಬಟ್ಟೆಗೆ ಕನಿಷ್ಠ ಕೂಲಿದರ ಬೇಕೆಂದು. ಯಂತ್ರ ಉಳಿದಿತ್ತು, ಅದರ ಗಳಿಕೆ ಅವರ ಮನೆಗೆ ಬಂದಿರಲಿಲ್ಲ. ಆ ಬೇಗೆ ಆರುವ ಮುನ್ನವೇ, 1834ರಲ್ಲಿ, ಜಕಾರನು ಊಲ್ಯಾನ್ ಎಂಬ ಊರಿನಲ್ಲಿ ತೀರಿಕೊಂಡನು. ಆರು ವರ್ಷಗಳ ತರುವಾಯ, ಅವನ ಯಂತ್ರವನ್ನು ಸುಟ್ಟ ನಗರದಲ್ಲೇ ಅವನ ಪ್ರತಿಮೆ ನಿಂತಿತು.

ದೊಡ್ಡಬಳ್ಳಾಪುರದ ಆ ಹಿರಿಯರಿಗೆ ಇದಿಷ್ಟನ್ನೂ ಹೇಳಿದೆನು. ಅವರು ಸವೆದ ರಟ್ಟೊಂದನ್ನು ಬೆಳಕಿಗೆ ಹಿಡಿದು ನೋಡಿ, ತಮ್ಮ ಸೋದರಳಿಯ ರಟ್ಟು ಕೊರೆಯುವ ಕೆಲಸದವನೆಂದೂ, ಚಿತ್ತಾರವೆಲ್ಲ ಕಂಪ್ಯೂಟರಿನಿಂದ ನೇರವಾಗಿ ಮಗ್ಗಕ್ಕಿಳಿಯತೊಡಗಿದ ಮೇಲೆ ಅವನು ಬೇರೆ ಕೆಲಸ ಹುಡುಕುತ್ತಿರುವನೆಂದೂ ತಿಳಿಸಿದರು.