ಕುಡಿದು ಮಲಗಿದ್ದಾನೆ ಬಿಡು...

ಕೆಲಸದ ತರಬೇತಿಗೆಂದು ಜಪಾನಿನ ಕುಮಾಮೊಟೊ ನಗರದಲ್ಲಿದ್ದೆ. ಒಂದು ರಾತ್ರಿ ಗೆಳೆಯರು ಪುಟ್ಟ ಸಾಕೆ ಬಾರ್‌ಗೆ ಎಳೆದುಕೊಂಡು ಹೋದರು. ಎಂಟೇ ಜನ ಕೂರಬಹುದಾದ ಜಾಗ. ಸಾಕೆ ಎಂದರೆ ಅಕ್ಕಿಯಿಂದ ಮಾಡುವ ಮದ್ಯ. ಪುಟ್ಟ ಹೂಜಿಯಲ್ಲಿ ಬೆಚ್ಚಗೆ ತಂದಿಟ್ಟರು. ಅಲ್ಲಿ ತಮ್ಮ ಬಟ್ಟಲಿಗೆ ತಾವೇ ಸುರಿದುಕೊಳ್ಳುವ ರೂಢಿಯಿಲ್ಲ, ಪಕ್ಕದವರು ಸುರಿಯಬೇಕು. ಕುಡಿಯದ ನನಗೆ ಟೀ ಬಂತು, ಜೊತೆಗೆ ಎಲ್ಲರ ಬಟ್ಟಲು ತುಂಬಿಸುವ ಕೆಲಸವೂ ಸಿಕ್ಕಿತು. ಹೊರಗೆ ಟ್ರಾಂ ಹೋದ ಸದ್ದಾಯಿತು. ಅದನ್ನು ಕೇಳಿದ ಜಪಾನಿ ಗೆಳೆಯ, ಈ ಊರಲ್ಲಿ ಟ್ರಾಂ ನಿಲ್ಲಿಸಿದ ಕವಿಯೊಬ್ಬನಿದ್ದ ಎಂದು ಮಾತು ಶುರು ಮಾಡಿದ.

ಆತ ತನೆದಾ ಸಾಂತೋಕಾ. 1882ರಲ್ಲಿ ಯಮಗುಚಿ ಪ್ರಾಂತ್ಯದ ಜಮೀನ್ದಾರರ ಮನೆಯಲ್ಲಿ ಹುಟ್ಟಿದವನು. ಬಾಲ್ಯದಲ್ಲೇ ತಾಯಿ ಆತ್ಮಹತ್ಯೆ ಮಾಡಿಕೊಂಡಳು. ಟೋಕಿಯೊದ ವಸೇದಾ ವಿಶ್ವವಿದ್ಯಾಲಯ ಸೇರಿದ, ಮನಸ್ಸಿನ ಕಾಯಿಲೆಯಿಂದ 1904ರಲ್ಲಿ ಓದು ನಿಂತಿತು. ಊರಿಗೆ ಬಂದು ಅಪ್ಪನ ಜೊತೆ ಸಾಕೆ ತಯಾರಿಕೆಗೆ ಇಳಿದ. ಕೊಳಗದಲ್ಲಿದ್ದ ಸಾಕೆಯೇ ಕೆಟ್ಟುಹೋಗಿ, 1916ರಲ್ಲಿ ಮನೆತನ ದಿವಾಳಿಯಾಯಿತು. ಹೆಂಡತಿ, ಮಗನೊಂದಿಗೆ ಕುಮಾಮೊಟೊಗೆ ಬಂದು ಹಳೆ ಪುಸ್ತಕದ ಅಂಗಡಿ ತೆರೆದ. ಅದೂ ಕೈ ಹತ್ತಲಿಲ್ಲ. ತಮ್ಮನೂ ಪ್ರಾಣ ಕಳೆದುಕೊಂಡ. ಮದುವೆ ಮುರಿಯಿತು. ಉಳಿದಿದ್ದು ಕುಡಿತ ಮತ್ತು ಹೈಕು.

1924ರ ಡಿಸೆಂಬರ್‌ನಲ್ಲಿ ಕಂಠಪೂರ್ತಿ ಕುಡಿದು, ಓಡುತ್ತಿದ್ದ ಟ್ರಾಂಗೆ ಅಡ್ಡ ನಿಂತ. ಚಾಲಕ ಹೇಗೋ ಬ್ರೇಕ್ ಹಾಕಿದ. ಜನ ಸಿಟ್ಟಿಗೆದ್ದರು. ಆದರೆ ಅವರಲ್ಲೊಬ್ಬರು ಕೈ ಹಿಡಿದು ಹತ್ತಿರದ ಜೆನ್ ಮಠಕ್ಕೆ ಕರೆದೊಯ್ದರು. ಗುರುಗಳು ಬೈಯಲಿಲ್ಲವಂತೆ, ಇರಲು ಜಾಗ ಕೊಟ್ಟರು. ಮರುವರ್ಷ ಆತ ಸನ್ಯಾಸಿಯಾದ. 1926ರಿಂದ ಹುಲ್ಲಿನ ಟೋಪಿ ತೊಟ್ಟು, ಭಿಕ್ಷಾಪಾತ್ರೆ ಹಿಡಿದು ಊರೂರು ನಡೆದ. ಹೈಕುವಿನ 5-7-5ರ ಲೆಕ್ಕ ಬಿಟ್ಟು, ಕಂಡ ಮಳೆ, ಬೆಟ್ಟ, ಹುಲ್ಲನ್ನು ಸರಳ ಮಾತಲ್ಲಿ ಬರೆದ. ಇವತ್ತು ಜಪಾನಿನಲ್ಲಿ ಅವನ ಹೆಸರು ಗೊತ್ತಿಲ್ಲದ ಹೈಕು ಓದುಗರು ಅಪರೂಪ.

ಸನ್ಯಾಸಿಯಾದ ಮೇಲೆ ಕುಡಿತ ಬಿಟ್ಟನಾ? ಇಲ್ಲ. ಹಣ ಕೈಗೆ ಬಂದರೆ ಸಾಕೆಗೆ ಹೋಗುತ್ತಿತ್ತು. ಆ ನಾಚಿಕೆಯನ್ನೂ ದಿನಚರಿಯಲ್ಲಿ ಬರೆದಿಟ್ಟ. ಗೆಳೆಯರು ಸಾಲ ತೀರಿಸಿದರು, ಗುಡಿಸಲು ಹುಡುಕಿಕೊಟ್ಟರು. 1940ರ ಅಕ್ಟೋಬರ್ 10ರ ರಾತ್ರಿ ಮತ್ಸುಯಾಮದ ಅವನ ಗುಡಿಸಲಲ್ಲೇ ಹೈಕು ಗೋಷ್ಠಿ ನಡೆಯಿತು. ಆತ ಗೊರಕೆ ಹೊಡೆಯುತ್ತಿದ್ದ. ಕುಡಿದು ಮಲಗಿದ್ದಾನೆ ಎಂದುಕೊಂಡು ಗೆಳೆಯರು ಮನೆಗೆ ಹೋದರು. ಬೆಳಗಾಗುವಷ್ಟರಲ್ಲಿ ಆತ ಇರಲಿಲ್ಲ.

ನಾನು ಹೂಜಿ ಕೆಳಗಿಟ್ಟೆ. ಬೆಂಗಳೂರಿನಲ್ಲಿ ಕೆಲಸ ಹುಡುಕುವಾಗ ನನಗೊಬ್ಬ ರೂಮ್‌ಮೇಟ್ ಇದ್ದ. ಓದಿನಲ್ಲಿ ನನಗಿಂತ ಜಾಣ. ನನಗೆ ಕೆಲಸ ಸಿಕ್ಕಿತು, ಅವನಿಗೆ ಸಿಗಲಿಲ್ಲ. ಒಂದೊಂದು ಇಂಟರ್‌ವ್ಯೂ ಮುಗಿದಾಗಲೂ ಕುಡಿತ ಹೆಚ್ಚಾಯಿತು. ರಾತ್ರಿ ಅವನು ಫೋನ್ ಮಾಡಿದಾಗಲೆಲ್ಲ, ಕುಡಿದಿರುತ್ತಾನೆ ಬಿಡು ಎಂದು ಎತ್ತುವುದನ್ನೇ ನಿಲ್ಲಿಸಿದ್ದೆ. ಕೊನೆಗೆ ಅವನೂ ಮಾಡುವುದನ್ನು ಬಿಟ್ಟಿದ್ದ.

ಹೊರಗೆ ಬಂದು ಟ್ರಾಂ ಸ್ಟಾಪಿನಲ್ಲಿ ನಿಂತು ಫೋನ್ ಮಾಡಿದೆ. ಅಲ್ಲಿ ರಾತ್ರಿ ಹತ್ತು, ನಮ್ಮೂರಲ್ಲಿ ಸಂಜೆ ಆರೂವರೆ. ನಾಲ್ಕು ಸಲ ರಿಂಗ್ ಆದಮೇಲೆ ಎತ್ತಿದ. ಬುದ್ಧಿ ಹೇಳಬೇಕು ಅನ್ನಿಸಲಿಲ್ಲ. ಕಾಫಿ ಆಯ್ತೇನೋ ಎಂದು ಕೇಳಿದೆ, ಅಷ್ಟೇ. ಎರಡು ಟ್ರಾಂ ಬಂದು ಹೋದವು. ನಾವಿನ್ನೂ ಮಾತಾಡುತ್ತಲೇ ಇದ್ದೆವು.